ಶ್ವಾಸಕೋಶಕ್ಕೆ ಕಲೆ ಬೀಳುವ ಕಾಯಿಲೆ ಗಂಡಸರಿಗೇ ಯಾಕೆ ಜಾಸ್ತಿ? ಜೀವಕೋಶದ ಮಟ್ಟದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಪಲ್ಮನರಿ ಫೈಬ್ರೋಸಿಸ್, ಅಂದರೆ ಶ್ವಾಸಕೋಶಕ್ಕೆ ಕಲೆ ಬೀಳುವ ಕಾಯಿಲೆ ಇರುವವರ ಮನೆಯವರು ಕೇಳುವ ಪ್ರಶ್ನೆಗಳು ಒಂದು ಬಗೆ. ಲ್ಯಾಬಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಕೇಳುವುದು ಇನ್ನೊಂದು ಬಗೆ. ಇಬ್ಬರೂ ಕೊನೆಗೆ ಬಂದು ನಿಲ್ಲುವುದು ಒಂದೇ ಜಾಗಕ್ಕೆ: ಗಂಡು ದೇಹಕ್ಕೂ ಹೆಣ್ಣು ದೇಹಕ್ಕೂ ಈ ಕಾಯಿಲೆಯಲ್ಲಿ ಇಷ್ಟು ವ್ಯತ್ಯಾಸ ಯಾಕೆ? ನಾನು ಶ್ವಾಸಕೋಶದ ಜೀವಕೋಶಗಳ ಜೊತೆ ಕೆಲಸ ಮಾಡುವವಳು, ಡಾಕ್ಟರ್ ಅಲ್ಲ. ಇಲ್ಲಿರುವುದು ಕಾಯಿಲೆಯನ್ನು ಅರ್ಥ ಮಾಡಿಕೊಳ್ಳಲು. ಔಷಧಿ, ಚಿಕಿತ್ಸೆಯ ತೀರ್ಮಾನ ನಿಮ್ಮ ಡಾಕ್ಟರ್ ಜೊತೆ ಕೂತೇ ಆಗಬೇಕು.

ಶ್ವಾಸಕೋಶಕ್ಕೆ ಕಲೆ ಬೀಳುವುದು ಅಂದರೆ ನಿಜವಾಗಿ ಏನಾಗುತ್ತದೆ?

ಕೈ ಕೊಯ್ದುಕೊಂಡರೆ ಗಾಯ ಮಾಗುತ್ತದೆ, ಕಲೆ ಉಳಿಯುತ್ತದೆ. ಮುಟ್ಟಿ ನೋಡಿದರೆ ಆ ಕಲೆ ಸುತ್ತಲಿನ ಚರ್ಮಕ್ಕಿಂತ ಗಟ್ಟಿ. ಚರ್ಮದ ಮೇಲೆ ಅದರಿಂದ ದೊಡ್ಡ ತೊಂದರೆ ಇಲ್ಲ. ಶ್ವಾಸಕೋಶದಲ್ಲಿ ಇದೆ. ನಮ್ಮ ಎರಡೂ ಶ್ವಾಸಕೋಶಗಳಲ್ಲಿ ಸೇರಿ ಸುಮಾರು 48 ಕೋಟಿ ಗಾಳಿಚೀಲಗಳಿವೆ. ಆಮ್ಲಜನಕ ಅವುಗಳ ತೆಳ್ಳನೆಯ ಗೋಡೆ ದಾಟಿ ರಕ್ತ ಸೇರಬೇಕು. ಆ ಗೋಡೆಯಲ್ಲಿ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ತುಂಬಿಕೊಂಡರೆ ಆಮ್ಲಜನಕ ದಾಟುವುದೂ ಕಷ್ಟ, ಚೀಲ ಉಬ್ಬುವುದೂ ಕಷ್ಟ. ಆರೋಗ್ಯವಾಗಿರುವ ಶ್ವಾಸಕೋಶದ ಗಡಸುತನ ಸುಮಾರು 2 ಕಿಲೋಪಾಸ್ಕಲ್. ಕಲೆಯಾದ ಭಾಗದಲ್ಲಿ ಅದು ಸುಮಾರು 16ಕ್ಕೆ ಏರುತ್ತದೆ.

ಇದರಲ್ಲಿ ಮೂರು ಬಗೆಯ ಕೋಶಗಳ ಪಾತ್ರ ದೊಡ್ಡದು. ಒಂದು, ಗಾಳಿಚೀಲದ ಒಳಗೋಡೆಯಲ್ಲಿರುವ ಟೈಪ್ 2 ಕೋಶ. ಚೀಲ ಮುದುಡಿಕೊಳ್ಳದಂತೆ ನೋಡಿಕೊಳ್ಳುವ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡನ್ನು ಮಾಡುವುದು ಇದೇ, ಗೋಡೆ ಹರಿದರೆ ರಿಪೇರಿ ಮಾಡುವುದೂ ಇದೇ. ಇನ್ನೊಂದು ಫೈಬ್ರೋಬ್ಲಾಸ್ಟ್, ಕೊಲಾಜೆನ್ ನೇಯುವ ಕೋಶ. ಮತ್ತೊಂದು ಮ್ಯಾಕ್ರೋಫೇಜ್, ಕಸ ನುಂಗಿ ಸ್ವಚ್ಛ ಮಾಡುವ ಕೋಶ. ಟೈಪ್ 2 ಕೋಶಗಳಿಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ರಿಪೇರಿ ಕೈಗೂಡದೆ ಹೋದಾಗ, ಸುತ್ತ ಟಿಜಿಎಫ್-ಬೀಟಾ ಎಂಬ ಸಂಕೇತ ಏರುತ್ತದೆ. ಫೈಬ್ರೋಬ್ಲಾಸ್ಟ್‌ಗಳು ಮೈಯೋಫೈಬ್ರೋಬ್ಲಾಸ್ಟ್‌ಗಳಾಗಿ ಬದಲಾಗುತ್ತವೆ. ಆಮೇಲೆ ಕೊಲಾಜೆನ್ ನೇಯ್ಗೆ ನಿಲ್ಲುವುದೇ ಇಲ್ಲ.

ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಿದರೆ ಮರೆಯುವುದು ಕಷ್ಟ. ಒಂದೇ ಸ್ಲೈಡಿನ ಒಂದು ಪಕ್ಕ ಬಲೆಯಂತೆ ಹರಡಿದ ಗಾಳಿಚೀಲಗಳು, ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತವೆ. ಇನ್ನೊಂದು ಪಕ್ಕ ಗುಲಾಬಿ ಬಣ್ಣದ ಗಟ್ಟಿ ಕಲೆ. ಇವೆರಡರ ನಡುವೆ ತಿಳಿ ನೀಲಿ-ಬೂದು ಬಣ್ಣದ ಪುಟ್ಟ ದಿಬ್ಬ. ಅದಕ್ಕೆ ಫೈಬ್ರೋಬ್ಲಾಸ್ಟಿಕ್ ಫೋಕಸ್ ಅಂತಾರೆ. ಕಲೆ ಹೊಸದಾಗಿ ಬೆಳೆಯುತ್ತಿರುವ ಜಾಗ ಅದು. ಆ ದಿಬ್ಬವನ್ನು ಎಷ್ಟು ಹೊತ್ತು ನೋಡಿದರೂ ಅದು ಗಂಡಸಿನದೋ ಹೆಂಗಸಿನದೋ ಹೇಳಲು ಆಗುವುದಿಲ್ಲ. ವ್ಯತ್ಯಾಸ ಇರುವುದು ಕಣ್ಣಿಗೆ ಕಾಣದ ಮಟ್ಟದಲ್ಲಿ.

ಗಂಡಸರಿಗೇ ಜಾಸ್ತಿ ಬರುತ್ತದೆ ಅನ್ನುವುದು ನಿಜವಾ?

ಯಾವ ಬಗೆಯ ಕಲೆ ಅನ್ನುವುದರ ಮೇಲೆ ಹೋಗುತ್ತದೆ. ಕಾರಣ ಗೊತ್ತಾಗದ ಬಗೆಗೆ ಇಡಿಯೋಪಥಿಕ್ ಪಲ್ಮನರಿ ಫೈಬ್ರೋಸಿಸ್, ಚಿಕ್ಕದಾಗಿ ಐಪಿಎಫ್ ಅಂತಾರೆ. ಇದು ಹೆಚ್ಚಾಗಿ 60 ದಾಟಿದವರ ಕಾಯಿಲೆ, ಗಂಡಸರಲ್ಲಿ ಜಾಸ್ತಿ. ಔಷಧಿಗಳ ದೊಡ್ಡ ಪರೀಕ್ಷೆಗಳಲ್ಲಿ ಸೇರಿದ ರೋಗಿಗಳನ್ನು ನೋಡಿದರೆ ಹತ್ತರಲ್ಲಿ ಏಳೆಂಟು ಮಂದಿ ಗಂಡಸರು. ಕಾಯಿಲೆ ಬಂದ ಮೇಲೂ ಒಟ್ಟಾರೆ ಗಂಡಸರ ಆಯುಸ್ಸು ಹೆಂಗಸರಿಗಿಂತ ಕಡಿಮೆ. ಕಾಯಿಲೆಯ ತೀವ್ರತೆ ಅಳೆಯಲು 2012ರಲ್ಲಿ ಬಂದ ಗ್ಯಾಪ್ ಎಂಬ ಲೆಕ್ಕದಲ್ಲಿ ಇದನ್ನೂ ಸೇರಿಸಿದ್ದಾರೆ. ಒಟ್ಟು 8 ಅಂಕ. ವಯಸ್ಸಿಗೆ ಇಷ್ಟು, ಉಸಿರಿನ ಪರೀಕ್ಷೆಗೆ ಇಷ್ಟು ಅಂತ ಹಂಚಿಕೆ. ಗಂಡಸಾಗಿದ್ದರೆ 1 ಅಂಕ, ಹೆಂಗಸಾಗಿದ್ದರೆ 0. ಅಂಕ ಏರಿದಷ್ಟೂ ಅಪಾಯ ಜಾಸ್ತಿ.

ಆದರೆ ಕೀಲುವಾತ, ಚರ್ಮ ಗಟ್ಟಿಯಾಗುವ ಸ್ಕ್ಲೆರೋಡರ್ಮದಂಥ ಕಾಯಿಲೆಗಳ ಜೊತೆಗೆ ಬರುವ ಕಲೆಯ ಕಥೆ ಬೇರೆ. ಸ್ಕ್ಲೆರೋಡರ್ಮ ಹೆಂಗಸರಲ್ಲೇ ಬಹಳ ಜಾಸ್ತಿ, ಹಾಗಾಗಿ ಅದರ ಜೊತೆ ಬರುವ ಶ್ವಾಸಕೋಶದ ಕಲೆಯೂ ಹೆಂಗಸರಲ್ಲೇ ಹೆಚ್ಚು ಕಾಣುತ್ತದೆ. ರುಮಟಾಯ್ಡ್ ಕೀಲುವಾತ ನೋಡಿ. ಅದು ಹೆಂಗಸರಿಗೆ ಜಾಸ್ತಿ. ಆದರೂ ಅದು ಬಂದವರಲ್ಲಿ ಶ್ವಾಸಕೋಶಕ್ಕೆ ಕಲೆ ಬೀಳುವ ಅಪಾಯ ಗಂಡಸರಿಗೇ ಹೆಚ್ಚು. ಕೀಲಿನಲ್ಲಿ ಒಂದು ಲೆಕ್ಕ, ಶ್ವಾಸಕೋಶದಲ್ಲಿ ಇನ್ನೊಂದು ಲೆಕ್ಕ. ನನಗೆ ಈ ಉದಾಹರಣೆ ತುಂಬಾ ಮುಖ್ಯ ಅನ್ನಿಸುತ್ತದೆ. "ಗಂಡಿಗೆ ಅಪಾಯ, ಹೆಣ್ಣಿಗೆ ರಕ್ಷಣೆ" ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸುವವರಿಗೆ ಇದು ಉತ್ತರ.

ಸಿಗರೇಟು, ಕೆಲಸದ ಜಾಗದ ಧೂಳು – ಗಂಡಸರು ಇವನ್ನು ಜಾಸ್ತಿ ಸೇವಿಸುತ್ತಾರೆ. ಅಷ್ಟೇ ಕಾರಣ ಅಲ್ವಾ?

ಅದೂ ಒಂದು ಕಾರಣ, ಸಣ್ಣದೇನಲ್ಲ. ಸಿಗರೇಟು, ಲೋಹದ ಧೂಳು, ಮರದ ಧೂಳು ಇವೆಲ್ಲ ಐಪಿಎಫ್ ಅಪಾಯ ಹೆಚ್ಚಿಸುತ್ತವೆ. ಆದರೆ ಲ್ಯಾಬಿನ ಇಲಿ ಸಿಗರೇಟು ಸೇದುವುದಿಲ್ಲ, ಕಾರ್ಖಾನೆಗೆ ಹೋಗುವುದಿಲ್ಲ. ಒಂದೇ ಪಂಜರದ ಗಾಳಿ, ಒಂದೇ ಆಹಾರ, ಒಂದೇ ಅಳತೆಯ ರಾಸಾಯನಿಕ ಕೊಟ್ಟಾಗಲೂ ಗಂಡಿಲಿ ಹೆಣ್ಣಿಲಿಗಳ ಶ್ವಾಸಕೋಶ ಬೇರೆ ಬೇರೆ ಥರ ನಡೆದುಕೊಳ್ಳುತ್ತದೆ. ಅಂದರೆ ಜೀವನಶೈಲಿ ಕಳೆದ ಮೇಲೂ ಒಂದು ವ್ಯತ್ಯಾಸ ಉಳಿಯುತ್ತದೆ.

ಜೀವಕೋಶಕ್ಕೂ ಗಂಡು ಹೆಣ್ಣು ಅಂತ ಇದೆಯಾ?

ಇದೆ. ನಿಮ್ಮ ಶ್ವಾಸಕೋಶದ ಪ್ರತಿಯೊಂದು ಕೋಶದ ನಡುವಿನ ನ್ಯೂಕ್ಲಿಯಸ್‌ನಲ್ಲೂ ಜೀನ್‌ಗಳನ್ನು ಹೊತ್ತ ಕ್ರೋಮೋಸೋಮ್‌ಗಳಿವೆ. ಸಾಮಾನ್ಯವಾಗಿ ಹೆಂಗಸರಲ್ಲಿ ಎರಡು ಎಕ್ಸ್, ಗಂಡಸರಲ್ಲಿ ಒಂದು ಎಕ್ಸ್, ಒಂದು ವೈ. ಇದು ಅಂಡಾಶಯಕ್ಕೋ ವೃಷಣಕ್ಕೋ ಸೀಮಿತವಾದ ವಿಷಯ ಅಲ್ಲ. ಗಾಳಿಚೀಲದ ಕೋಶಕ್ಕೂ ಅನ್ವಯಿಸುತ್ತದೆ.

ಎರಡು ಎಕ್ಸ್ ಇದ್ದರೆ ಎರಡರಷ್ಟು ಪ್ರೋಟೀನ್ ಆಗಬೇಕಲ್ವಾ ಅಂತ ಕೇಳಬಹುದು. ಆಗುವುದಿಲ್ಲ. ಭ್ರೂಣ ಇನ್ನೂ ತುಂಬಾ ಎಳೆಯದಾಗಿರುವಾಗಲೇ ಪ್ರತಿ ಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮುಚ್ಚಿಬಿಡುತ್ತದೆ. 1961ರಲ್ಲಿ ಮೇರಿ ಲಯನ್ ಎಂಬ ವಿಜ್ಞಾನಿ ಇದನ್ನು ಮುಂದಿಟ್ಟರು. ಒಂದು ಕೋಶ ಅಮ್ಮನಿಂದ ಬಂದ ಎಕ್ಸ್ ಮುಚ್ಚಿದರೆ ಪಕ್ಕದ್ದು ಅಪ್ಪನಿಂದ ಬಂದ ಎಕ್ಸ್ ಮುಚ್ಚಬಹುದು. ಹಾಗಾಗಿ ಹೆಂಗಸಿನ ಶ್ವಾಸಕೋಶ ಎರಡು ಬಗೆಯ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯ ಹಾಗೆ. ಒಂದು ಎಕ್ಸ್‌ನಲ್ಲಿ ದೋಷವಿದ್ದರೂ ಅರ್ಧದಷ್ಟು ಕೋಶಗಳು ಇನ್ನೊಂದನ್ನು ಬಳಸುತ್ತಿರುತ್ತವೆ. ಗಂಡಸಿಗೆ ಆ ಅನುಕೂಲ ಇಲ್ಲ.

ಇದಕ್ಕೆ ಒಂದು ಸ್ಪಷ್ಟ ಉದಾಹರಣೆ ಡಿಕೆಸಿ1 ಎಂಬ ಜೀನ್. ಅದು ಎಕ್ಸ್ ಮೇಲಿದೆ. ಕ್ರೋಮೋಸೋಮ್‌ಗಳ ತುದಿಯನ್ನು ಕಾಯುವ ಟೆಲೋಮಿಯರ್ ಕೆಲಸಕ್ಕೆ ಅದು ಬೇಕು. ಟೆಲೋಮಿಯರ್ ತೀರಾ ಚಿಕ್ಕದಾದರೆ ಟೈಪ್ 2 ಕೋಶ ಮತ್ತೆ ಒಡೆದು ಹೊಸ ಕೋಶ ಮಾಡಲಾರದು. ಡಿಕೆಸಿ1 ಕೆಟ್ಟರೆ ಗಂಡಸರಲ್ಲಿ ಕಾಯಿಲೆ ತೀವ್ರವಾಗಿ ಕಾಣುತ್ತದೆ, ಶ್ವಾಸಕೋಶಕ್ಕೆ ಕಲೆ ಬೀಳುವುದೂ ಅದರಲ್ಲಿ ಸೇರಿದೆ. ಅದೇ ದೋಷ ಹೊತ್ತ ಹೆಂಗಸರಲ್ಲಿ ಎಷ್ಟೋ ಸಲ ಲಕ್ಷಣ ಸೌಮ್ಯ, ಇಲ್ಲವೇ ಇಲ್ಲದಿರಬಹುದು.

ಇನ್ನೊಂದು ಸಂಗತಿ ಇದೆ. ಮುಚ್ಚಿದ ಎಕ್ಸ್ ಪೂರ್ತಿ ಮುಚ್ಚಿರುವುದಿಲ್ಲ. ನೂರಕ್ಕೆ 15ರಿಂದ 25ರಷ್ಟು ಜೀನ್‌ಗಳು ಸಂದಿಯಿಂದ ತಪ್ಪಿಸಿಕೊಂಡು ಕೆಲಸ ಮಾಡುತ್ತಲೇ ಇರುತ್ತವೆ. ರೋಗನಿರೋಧಕ ಕೋಶಗಳಲ್ಲಿ ವೈರಸ್ ಪತ್ತೆ ಹಚ್ಚುವ ಟಿಎಲ್‌ಆರ್7 ಅಂಥದ್ದೊಂದು. ಹೆಂಗಸರಲ್ಲಿ ಈ ಕೋಶಗಳು ಚುರುಕು. ಸೋಂಕಿನ ವಿರುದ್ಧ ಇದು ಬಲ. ಸ್ವಂತ ದೇಹದ ಮೇಲೇ ತಿರುಗಿಬಿದ್ದರೆ ಇದೇ ತೊಂದರೆ. ಲೂಪಸ್‌ನಂಥ ಕಾಯಿಲೆಗಳು ಹೆಂಗಸರಲ್ಲಿ ಯಾಕೆ ಜಾಸ್ತಿ ಅನ್ನುವುದಕ್ಕೆ ಇದೂ ಒಂದು ಉತ್ತರ.

ವೈ ಕ್ರೋಮೋಸೋಮ್ ಕಳೆದುಹೋಗುತ್ತದೆ ಅಂತ ಓದಿದೆ. ಹಾಗೂ ಆಗುತ್ತದಾ?

ಆಗುತ್ತದೆ, ಅದೂ ತುಂಬಾ ಸಾಮಾನ್ಯವಾಗಿ. ವಯಸ್ಸಾದ ಹಾಗೆ ಮೂಳೆಮಜ್ಜೆಯ ಕೆಲವು ಕೋಶಗಳು ಒಡೆಯುವಾಗ ವೈ ಅನ್ನು ಬಿಟ್ಟುಬಿಡುತ್ತವೆ. ಆ ಕೋಶದಿಂದ ಹುಟ್ಟುವ ರಕ್ತಕೋಶಗಳಲ್ಲೂ ವೈ ಇರುವುದಿಲ್ಲ. 70ರ ಹೊತ್ತಿಗೆ ಸುಮಾರು ನೂರಕ್ಕೆ 40 ಗಂಡಸರ ರಕ್ತದಲ್ಲಿ ಇಂಥ ಕೋಶಗಳು ಸಿಗುತ್ತವೆ. ಸಿಗರೇಟು ಸೇದುವವರಲ್ಲಿ ಜಾಸ್ತಿ, ಬಿಟ್ಟವರಲ್ಲಿ ಕಡಿಮೆ.

ಇದನ್ನು ಬಹಳ ವರ್ಷ ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಬಿಳಿ ಕೂದಲಿನ ಹಾಗೆ ವಯಸ್ಸಿನ ಒಂದು ಗುರುತು ಅಂತ ಸುಮ್ನೆ ಬಿಟ್ಟಿದ್ದರು. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಆ ಯೋಚನೆಯನ್ನೇ ಬದಲಿಸಿತು. ಗಂಡಿಲಿಗಳ ಮೂಳೆಮಜ್ಜೆಯ ಕೋಶಗಳಿಂದ ಕ್ರಿಸ್ಪರ್ ಎಂಬ ಜೀನ್ ಕತ್ತರಿ ಬಳಸಿ ವೈ ತೆಗೆದು, ಆ ಮಜ್ಜೆಯನ್ನು ಬೇರೆ ಇಲಿಗಳಿಗೆ ಕಸಿ ಮಾಡಿದರು. ಇಲಿಗಳು ಬೇಗ ಸತ್ತವು. ಹೃದಯದಲ್ಲಿ ಕಲೆ ಬೆಳೆಯಿತು. ಶ್ವಾಸಕೋಶ, ಮೂತ್ರಪಿಂಡದಲ್ಲೂ ಕಲೆ ಕಂಡಿತು. ಹೃದಯಕ್ಕೆ ಬಂದು ಸೇರಿದ ವೈ ಇಲ್ಲದ ಮ್ಯಾಕ್ರೋಫೇಜ್‌ಗಳು ಕಲೆ ಹುಟ್ಟಿಸುವ ಕಡೆಗೆ ವಾಲಿದ್ದವು. ಟಿಜಿಎಫ್-ಬೀಟಾವನ್ನು ತಡೆಯುವ ಪ್ರತಿಕಾಯ ಕೊಟ್ಟಾಗ ಹೃದಯದ ಕೆಲಸ ಸುಧಾರಿಸಿತು.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ದೋಷ ಇದ್ದದ್ದು ಹೃದಯದ ಕೋಶದಲ್ಲಿ ಅಲ್ಲ, ಶ್ವಾಸಕೋಶದ ಕೋಶದಲ್ಲೂ ಅಲ್ಲ. ರಕ್ತದಿಂದ ಬಂದ ಅತಿಥಿ ಕೋಶದಲ್ಲಿ. ಐಪಿಎಫ್ ಕೂಡ ವಯಸ್ಸಾದ ಗಂಡಸರ ಕಾಯಿಲೆ, ಅದರಲ್ಲೂ ರಕ್ತದಿಂದ ಬಂದ ಮ್ಯಾಕ್ರೋಫೇಜ್‌ಗಳು ಕಲೆಯ ಪಕ್ಕದಲ್ಲೇ ಗುಂಪುಗೂಡುತ್ತವೆ. ಹಾಗಾಗಿ ಶ್ವಾಸಕೋಶದವರಿಗೆ ಈ ಕೆಲಸದ ಮೇಲೆ ಇಷ್ಟು ಆಸಕ್ತಿ. ನಿಮ್ಮ ರಕ್ತದಲ್ಲಿ ವೈ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿಕೊಳ್ಳುವ ಅಗತ್ಯ ಸದ್ಯಕ್ಕೆ ಇಲ್ಲ. ಅದರ ಮೇಲೆ ಚಿಕಿತ್ಸೆ ಬದಲಾಗುವುದಿಲ್ಲ.

ಈಸ್ಟ್ರೋಜೆನ್ ಹೆಂಗಸರನ್ನು ಕಾಪಾಡುತ್ತದೆ ಅಂತಾರಲ್ಲ?

ಅರ್ಧ ನಿಜ. ಮೊದಲು ಕಾಪಾಡುವ ಕಡೆಯನ್ನು ನೋಡೋಣ. ಈಸ್ಟ್ರೋಜೆನ್ ಟೆಲೋಮಿಯರ್ ಉದ್ದ ಮಾಡುವ ಟೆಲೋಮರೇಸ್ ಅನ್ನು ಎಬ್ಬಿಸುತ್ತದೆ. ಶ್ವಾಸನಾಳದ ಒಳಪದರದ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಈಸ್ಟ್ರೋಜೆನ್ ಹಾಕಿದಾಗ ಟಿಜಿಎಫ್-ಬೀಟಾದ ಪ್ರಭಾವ ತಗ್ಗುವುದನ್ನು ತೋರಿಸಿದ್ದಾರೆ. ಹುಟ್ಟುವ ಮೊದಲೇ ಒಂದು ವ್ಯತ್ಯಾಸ ಶುರುವಾಗುತ್ತದೆ: ಹೊಟ್ಟೆಯಲ್ಲಿರುವ ಹೆಣ್ಣು ಮಗುವಿನ ಟೈಪ್ 2 ಕೋಶಗಳು ಗಂಡು ಮಗುವಿಗಿಂತ ಸ್ವಲ್ಪ ಮುಂಚೆ ಸರ್ಫ್ಯಾಕ್ಟೆಂಟ್ ಮಾಡಲು ಕಲಿಯುತ್ತವೆ. ಗಂಡು ಹಾರ್ಮೋನ್ ಅದನ್ನು ತಡಮಾಡುತ್ತದೆ. ದಿನ ತುಂಬದೆ ಹುಟ್ಟಿದ ಗಂಡು ಮಕ್ಕಳಿಗೆ ಉಸಿರಾಟದ ತೊಂದರೆ ಜಾಸ್ತಿ ಆಗುವುದಕ್ಕೆ ಇದೊಂದು ಕಾರಣ.

ಇನ್ನು ಇಲಿಗಳ ಕಡೆ ಬನ್ನಿ. ಬ್ಲಿಯೋಮೈಸಿನ್ ಎಂಬ ಕ್ಯಾನ್ಸರ್ ಔಷಧಿ ಕೊಟ್ಟು ಶ್ವಾಸಕೋಶಕ್ಕೆ ಕಲೆ ಬರಿಸುವುದು ಹಳೆಯ ವಿಧಾನ. 2008ರಲ್ಲಿ ಬಂದ ಒಂದು ಕೆಲಸದಲ್ಲಿ ಚಿಕ್ಕ ಇಲಿಗಳನ್ನು ಬಳಸಿದ್ದರು. ಗಂಡಿಲಿಗಳ ಶ್ವಾಸಕೋಶ ಹೆಚ್ಚು ಹಾಳಾಯಿತು. ವೃಷಣ ತೆಗೆದರೆ ಹಾನಿ ತಗ್ಗಿತು. ಹೆಣ್ಣಿಲಿಗೆ ಗಂಡು ಹಾರ್ಮೋನ್ ಕೊಟ್ಟರೆ ಅದರ ಶ್ವಾಸಕೋಶವೂ ಗಂಡಿಲಿಯ ಹಾಗೇ ಹದಗೆಟ್ಟಿತು. ಓದಿದರೆ ಉತ್ತರ ಸಿಕ್ಕೇಬಿಟ್ಟಿತು ಅನ್ನಿಸುತ್ತದೆ. ಆದರೆ ಅದಕ್ಕೂ ಮೂರು ವರ್ಷ ಮುಂಚೆ, 2005ರಲ್ಲಿ, ರ್‍ಯಾಟ್ ಎಂಬ ದೊಡ್ಡ ಜಾತಿಯ ಇಲಿಗಳಲ್ಲಿ ಅದೇ ಔಷಧಿ ಪೂರ್ತಿ ಉಲ್ಟಾ ಫಲ ಕೊಟ್ಟಿತ್ತು. ಅಲ್ಲಿ ಹೆಣ್ಣುಗಳಿಗೇ ಕಲೆ ಜಾಸ್ತಿ. ಅಂಡಾಶಯ ತೆಗೆದಾಗ ಕಡಿಮೆಯಾಯಿತು, ಈಸ್ಟ್ರೋಜೆನ್ ವಾಪಸ್ ಕೊಟ್ಟಾಗ ಮತ್ತೆ ಏರಿತು.

ಇವೆರಡರಲ್ಲಿ ಒಂದು ತಪ್ಪು ಅಂತ ತಳ್ಳಿಹಾಕುವುದು ಸುಲಭ. ನಾನು ಹಾಗೆ ನೋಡುವುದಿಲ್ಲ. ಈಸ್ಟ್ರೋಜೆನ್ ಒಂದು ಕೀಲಿಕೈ. ಅದು ಹೋಗಿ ಕೂರುವ ಬೀಗಗಳು ಒಂದಕ್ಕಿಂತ ಹೆಚ್ಚು. ಆಲ್ಫಾ ಎಂಬ ರಿಸೆಪ್ಟರ್ ಇದೆ, ಬೀಟಾ ಎಂಬುದಿದೆ. ಯಾವ ಕೋಶದಲ್ಲಿ ಯಾವುದು ಎಷ್ಟಿದೆ ಅನ್ನುವುದರ ಮೇಲೆ ಫಲ ನಿಲ್ಲುತ್ತದೆ. ಐಪಿಎಫ್ ಇರುವ ಗಂಡಸರ ಶ್ವಾಸಕೋಶದಲ್ಲಿ ಆಲ್ಫಾ ರಿಸೆಪ್ಟರ್ ಹೆಚ್ಚಿರುವುದು ಕಂಡುಬಂದಿದೆ. ಆ ರಿಸೆಪ್ಟರ್ ಹಾರ್ಮೋನ್ ಬಂದು ಕೂರದೆಯೂ ಕೆಲಸ ಶುರು ಮಾಡಬಲ್ಲದು. ಅಂದರೆ "ಹೆಣ್ಣು ಹಾರ್ಮೋನ್" ಅಂತ ನಾವು ಕರೆಯುವುದರ ಬೀಗವೇ ಗಂಡಸಿನ ಕಲೆಗೆ ಕೈಜೋಡಿಸುತ್ತಿರಬಹುದು.

ಈಸ್ಟ್ರೋಜೆನ್ ಒಂದೇ ಅಲ್ಲ, ರಿಲ್ಯಾಕ್ಸಿನ್ ಎಂಬ ಇನ್ನೊಂದು ಹಾರ್ಮೋನ್ ಇದೆ. ಬಸಿರಿನಲ್ಲಿ ಮೈಯ ಕಟ್ಟುಗಳನ್ನು ಸಡಿಲ ಮಾಡುವುದಕ್ಕೆ ಹೆಸರಾದದ್ದು. ಅದು ಕೊಲಾಜೆನ್ ಕರಗಿಸಲೂ ನೆರವಾಗುತ್ತದೆ. ರಿಲ್ಯಾಕ್ಸಿನ್ ಇಲ್ಲದಂತೆ ಮಾಡಿದ ಇಲಿಗಳಲ್ಲಿ ವಯಸ್ಸಾಗುತ್ತಾ ಶ್ವಾಸಕೋಶದಲ್ಲಿ ಕಲೆ ಏರುವುದನ್ನು 2003ರಲ್ಲೇ ತೋರಿಸಿದ್ದರು.

ಹಾಗಾದರೆ ಹಾರ್ಮೋನ್ ಮಾತ್ರೆ ತಗೊಂಡರೆ ಒಳ್ಳೆಯದಾ?

ದಯವಿಟ್ಟು ಬೇಡ. ಮೇಲಿನ ಉತ್ತರ ಓದಿದರೆ ಯಾಕೆ ಅಂತ ಗೊತ್ತಾಗುತ್ತದೆ. ಐಪಿಎಫ್‌ಗೆ ಈಸ್ಟ್ರೋಜೆನ್ ಆಗಲಿ, ಅದನ್ನು ತಡೆಯುವ ಔಷಧಿ ಆಗಲಿ ಚಿಕಿತ್ಸೆ ಅಂತ ಒಪ್ಪಿಗೆ ಪಡೆದಿಲ್ಲ. ಇವಕ್ಕೆ ರಕ್ತ ಹೆಪ್ಪುಗಟ್ಟುವಂಥ ತಮ್ಮದೇ ಅಪಾಯಗಳಿವೆ. ಡ್ಯಾನಜಾಲ್ ಬಗ್ಗೆ ಕೇಳುವವರೂ ಇದ್ದಾರೆ. ಅದು ಗಂಡು ಹಾರ್ಮೋನ್‌ಗೆ ಹತ್ತಿರದ ಔಷಧಿ. 2016ರಲ್ಲಿ, ಹುಟ್ಟಿನಿಂದಲೇ ಟೆಲೋಮಿಯರ್ ದೋಷವಿದ್ದ 27 ಮಂದಿಗೆ ಕೊಟ್ಟು ನೋಡಿದಾಗ ಅವರ ಟೆಲೋಮಿಯರ್ ಉದ್ದವಾಯಿತು. ಆದರೆ ಅದು ಬಹಳ ಸಣ್ಣ ಗುಂಪು, ವಿಶೇಷ ಕಾಯಿಲೆ, ಯಕೃತ್ತಿನ ತೊಂದರೆಯೂ ಬರಬಹುದು. ಮನೆಯಲ್ಲಿ ಕೂತು ಶುರು ಮಾಡುವಂಥದ್ದಲ್ಲ.

ಹೆಂಗಸರಿಗೇ ಬರುವ ಶ್ವಾಸಕೋಶದ ಕಾಯಿಲೆ ಇದೆಯಾ?

ಇದೆ, ಲ್ಯಾಮ್. ಪೂರ್ತಿ ಹೆಸರು ಲಿಂಫ್ಯಾಂಜಿಯೋಲಿಯೋಮಯೋಮಟೋಸಿಸ್. ಇದು ಕಲೆ ಬೀಳುವ ಕಾಯಿಲೆ ಅಲ್ಲ, ಶ್ವಾಸಕೋಶದ ತುಂಬಾ ಗುಳ್ಳೆಗಳಾಗುವ ಕಾಯಿಲೆ. ಆದರೂ ಇಲ್ಲಿ ಹೇಳಲು ಕಾರಣವಿದೆ. ಬಹುಪಾಲು ಹೆಂಗಸರಿಗೇ, ಅದೂ ಮಕ್ಕಳಾಗುವ ವಯಸ್ಸಿನಲ್ಲಿ ಬರುತ್ತದೆ. ಟಿಎಸ್‌ಸಿ2 ಜೀನ್ ಕೆಟ್ಟ ಕೋಶಗಳು ಈಸ್ಟ್ರೋಜೆನ್ ಪ್ರಭಾವದಲ್ಲಿ ಹರಡುತ್ತವೆ. ಹೆಣ್ಣಿಗೆ ರಕ್ಷಣೆ ಕೊಡುತ್ತದೆ ಅಂದುಕೊಂಡ ಹಾರ್ಮೋನ್ ಇಲ್ಲಿ ಕಾಯಿಲೆಗೇ ಗೊಬ್ಬರ. ಇದಕ್ಕೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಸಿರೋಲಿಮಸ್ ಕೂಡ ಹಾರ್ಮೋನ್ ದಾರಿಯದ್ದಲ್ಲ, ಕೋಶದ ಬೆಳವಣಿಗೆ ತಡೆಯುವ ದಾರಿಯದ್ದು.

ಲ್ಯಾಬಿನಲ್ಲಿ ಬೆಳೆಸುವ ಕೋಶಗಳಲ್ಲಿ ಈ ವ್ಯತ್ಯಾಸ ನೋಡಬಹುದಲ್ಲ? ಇಷ್ಟು ವರ್ಷ ಯಾಕೆ ನೋಡಲಿಲ್ಲ?

ನನಗೆ ಅತಿ ಹತ್ತಿರದ ಪ್ರಶ್ನೆ ಇದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೋಶ ಬೆಳೆಸುವ ಬಟ್ಟಲನ್ನು ನೋಡಿದವರಿಗೆ ಅದರೊಳಗಿನ ದ್ರವದ ಬಣ್ಣ ನೆನಪಿರುತ್ತದೆ. ಕೆಂಪು ಗುಲಾಬಿ. ಕೋಶಗಳು ತುಂಬಿ ಹುಳಿ ಹೆಚ್ಚಾದರೆ ಹಳದಿಗೆ ತಿರುಗುತ್ತದೆ. ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದ ಕೂಡಲೇ ಬಣ್ಣ ನೋಡಿ ಕೋಶಗಳ ಹಸಿವು ಅಳೆಯುತ್ತೇವೆ. ಆ ಬಣ್ಣ ಕೊಡುವುದು ಫೀನಾಲ್ ರೆಡ್. 1986ರಲ್ಲೇ ಒಂದು ವಿಷಯ ಗೊತ್ತಾಗಿತ್ತು: ಫೀನಾಲ್ ರೆಡ್ ಹಾಕಿದ ದ್ರವ ಈಸ್ಟ್ರೋಜೆನ್‌ನಂತೆ ಕೆಲಸ ಮಾಡುತ್ತದೆ. ಅದರ ಜೊತೆಗೆ ಕೋಶಗಳಿಗೆ ಆಹಾರವಾಗಿ ಹಾಕುವ ಕರುವಿನ ಸೀರಮ್‌ನಲ್ಲೂ, ಅಂದರೆ ರಕ್ತದ ತಿಳಿಯಲ್ಲೂ, ಹಾರ್ಮೋನ್‌ಗಳಿರುತ್ತವೆ. ಗಂಡಸಿನ ಕೋಶವೋ ಹೆಂಗಸಿನದೋ, ಎರಡನ್ನೂ ನಾವು ಹಾರ್ಮೋನ್ ಬೆರೆತ ಒಂದೇ ಸಾರಿನಲ್ಲಿ ಅದ್ದಿಟ್ಟು, ಆಮೇಲೆ "ವ್ಯತ್ಯಾಸ ಕಾಣಲಿಲ್ಲ" ಅಂತ ಬರೆದಿದ್ದೇವೆ.

ಇನ್ನು ಕೋಶಗಳೇ ಯಾರವು? ಟೈಪ್ 2 ಕೋಶದ ಬದಲಿಗೆ ಲೆಕ್ಕವಿಲ್ಲದಷ್ಟು ಲ್ಯಾಬ್‌ಗಳು ಬಳಸುವ ಎ549 ಎಂಬ ಕೋಶಸಾಲು (ಲ್ಯಾಬಿನಲ್ಲಿ ಬೆಳೆಸುತ್ತಲೇ ಇರಬಹುದಾದ ಒಂದೇ ಮೂಲದ ಕೋಶಗಳು), 1972ರಲ್ಲಿ 58 ವರ್ಷದ ಗಂಡಸೊಬ್ಬರ ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಯಿಂದ ಬಂದದ್ದು. ಫೈಬ್ರೋಬ್ಲಾಸ್ಟ್ ಬೇಕಾದರೆ ಎಂಆರ್‌ಸಿ-5 ತರುತ್ತಾರೆ. ಅದು ಗಂಡು ಭ್ರೂಣದ್ದು. ಐಎಂಆರ್-90 ತಂದರೆ ಹೆಣ್ಣು ಭ್ರೂಣದ್ದು. ಒಬ್ಬರು ಎಂಆರ್‌ಸಿ-5ರಲ್ಲಿ ಒಂದು ಫಲ ಕಂಡು, ಇನ್ನೊಬ್ಬರು ಐಎಂಆರ್-90ರಲ್ಲಿ ಬೇರೆ ಫಲ ಕಂಡರೆ, ಮೊದಲು ಬೈಯುವುದು ರಾಸಾಯನಿಕದ ಬ್ಯಾಚ್ ಅನ್ನು. ಕೋಶ ಗಂಡೋ ಹೆಣ್ಣೋ ಅನ್ನುವುದು ಎಷ್ಟೋ ಪ್ರಬಂಧಗಳ ವಿಧಾನ ಭಾಗದಲ್ಲಿ ಬರೆದೇ ಇರುತ್ತಿರಲಿಲ್ಲ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್ 2016ರ ಜನವರಿಯಿಂದ, ಹಣ ಕೇಳುವವರು ಇದನ್ನು ಲೆಕ್ಕಕ್ಕೆ ತಗೊಂಡಿರಬೇಕು ಅಂತ ನಿಯಮ ತಂದ ಮೇಲೆ ಪರಿಸ್ಥಿತಿ ಸುಧಾರಿಸುತ್ತಿದೆ.

ಒಂದೊಂದೇ ಕೋಶವನ್ನು ಓದುವ ಹೊಸ ವಿಧಾನದಿಂದ ಏನು ಗೊತ್ತಾಯಿತು?

ಮೊದಲೆಲ್ಲ ಶ್ವಾಸಕೋಶದ ತುಂಡನ್ನು ಅರೆದು ಒಟ್ಟಾರೆ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡುತ್ತಿದ್ದೆವು. ಈಗ ಪ್ರತಿ ಕೋಶವನ್ನೂ ಬಿಡಿಬಿಡಿಯಾಗಿ ಓದಬಹುದು. 2020ರಲ್ಲಿ ಸೈನ್ಸ್ ಅಡ್ವಾನ್ಸಸ್‌ನಲ್ಲಿ ಒಟ್ಟಿಗೆ ಬಂದ ಎರಡು ಅಧ್ಯಯನಗಳು, ಆರೋಗ್ಯದ ಶ್ವಾಸಕೋಶದಲ್ಲಿ ಕಾಣದ ಒಂದು ಬಗೆಯ ಕೋಶವನ್ನು ಕಲೆಯಾದ ಶ್ವಾಸಕೋಶದಲ್ಲಿ ತೋರಿಸಿದವು. ಗಾಳಿಚೀಲದ ಕೋಶ ಆಗಲು ಹೊರಟು ನಡುದಾರಿಯಲ್ಲಿ ಸಿಕ್ಕಿಹಾಕಿಕೊಂಡಂಥ ಕೋಶ ಅದು. ಕೆಆರ್‌ಟಿ17 ಎಂಬ ಗುರುತು ಹೊತ್ತಿರುತ್ತದೆ, ಮುಪ್ಪಿನ ಲಕ್ಷಣ ತೋರಿಸುತ್ತದೆ, ಫೈಬ್ರೋಬ್ಲಾಸ್ಟಿಕ್ ಫೋಕಸ್‌ನ ಅಂಚಿನಲ್ಲೇ ಕೂತಿರುತ್ತದೆ.

ಗಂಡು ಹೆಣ್ಣಿನ ಪ್ರಶ್ನೆಗೆ ಈ ವಿಧಾನ ಹೇಳಿಮಾಡಿಸಿದಂತಿದೆ. ಯಾಕೆಂದರೆ ಉತ್ತರ ಕೋಶದಿಂದ ಕೋಶಕ್ಕೆ ಬದಲಾಗುತ್ತದೆ. ಫೈಬ್ರೋಬ್ಲಾಸ್ಟ್‌ನಲ್ಲಿ ಒಂದು ಜೀನ್ ಗಂಡಸರಲ್ಲಿ ಏರಿ, ಅದೇ ಜೀನ್ ಮ್ಯಾಕ್ರೋಫೇಜ್‌ನಲ್ಲಿ ಹೆಂಗಸರಲ್ಲಿ ಏರಿದರೆ, ಅರೆದ ತುಂಡಿನಲ್ಲಿ ಎರಡೂ ಸರಿದೂಗಿ "ವ್ಯತ್ಯಾಸ ಇಲ್ಲ" ಅಂತ ಬಂದುಬಿಡುತ್ತದೆ. ಕೋಶ ಯಾರದ್ದು ಅಂತ ಪತ್ತೆ ಮಾಡುವುದೂ ಸುಲಭ. ಎಕ್ಸ್ ಮುಚ್ಚುವ ಎಕ್ಸಿಸ್ಟ್ ಎಂಬ ಜೀನ್ ಕೆಲಸ ಮಾಡುತ್ತಿದ್ದರೆ ಹೆಂಗಸಿನದು. ವೈ ಮೇಲಿರುವ ಆರ್‌ಪಿಎಸ್4ವೈ1 ಅಥವಾ ಡಿಡಿಎಕ್ಸ್3ವೈ ಜೀನ್ ಇದ್ದರೆ ಗಂಡಸಿನದು.

ಇದೇ ಉಪಾಯದಿಂದ ಇನ್ನೊಂದು ಸೊಗಸಾದ ಕೆಲಸ ಆಗುತ್ತದೆ. ಹೆಂಗಸೊಬ್ಬರ ಶ್ವಾಸಕೋಶವನ್ನು ಗಂಡಸಿಗೆ ಕಸಿ ಮಾಡಿದಾಗ, ಆಮೇಲೆ ಆ ಶ್ವಾಸಕೋಶದಲ್ಲಿ ವೈ ಇರುವ ಮ್ಯಾಕ್ರೋಫೇಜ್ ಸಿಕ್ಕರೆ ಅದು ಖಂಡಿತ ಪಡೆದವರ ರಕ್ತದಿಂದ ಬಂದದ್ದು. ಶ್ವಾಸಕೋಶದ ಕಾವಲುಗಾರರಲ್ಲಿ ಊರಿನವರು ಯಾರು, ಹೊರಗಿಂದ ಬಂದವರು ಯಾರು ಅಂತ ಮನುಷ್ಯರಲ್ಲೇ ಬೇರ್ಪಡಿಸಲು ಇದು ನೆರವಾಗಿದೆ.

ಹೆಂಗಸರಲ್ಲಿ ಕಾಯಿಲೆ ಪತ್ತೆ ತಡವಾಗುತ್ತದಾ?

ತಪ್ಪಾಗುವ ಸಾಧ್ಯತೆ ನಿಜಕ್ಕೂ ಇದೆ. ಡಾಕ್ಟರ್‌ಗಳು ರೋಗನಿರ್ಣಯ ಮಾಡುವಾಗ ಗಂಡಸರಿಗೆ ಐಪಿಎಫ್ ಅನ್ನುವ ಹಣೆಪಟ್ಟಿ ಸುಲಭವಾಗಿ, ಹೆಂಗಸರಿಗೆ ಕಷ್ಟವಾಗಿ ಅಂಟುತ್ತದೆ ಅಂತ ಅಧ್ಯಯನ ತೋರಿಸಿದೆ. "ಇದು ವಯಸ್ಸಾದ ಗಂಡಸರ ಕಾಯಿಲೆ" ಅಂತ ಓದಿ ಓದಿ, ಅದೇ ಕಣ್ಣಲ್ಲಿ ನೋಡುತ್ತೇವೆ. ಹಾಗಾಗಿ ಲೆಕ್ಕದಲ್ಲಿ ಕಾಣುವ ಗಂಡು ಹೆಣ್ಣಿನ ವ್ಯತ್ಯಾಸದಲ್ಲಿ ಒಂದು ಪಾಲು ನಮ್ಮ ನೋಟದ್ದೂ ಹೌದು. ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ತಿಂಗಳುಗಟ್ಟಲೆ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ "ವಯಸ್ಸಾಯ್ತು" ಅಂತ ಬಿಡಬೇಡಿ. ಬೆನ್ನಿನ ಕೆಳಭಾಗದಲ್ಲಿ ಸ್ಟೆತಸ್ಕೋಪ್ ಇಟ್ಟರೆ ಕಲೆ ಬಿದ್ದ ಶ್ವಾಸಕೋಶ ಬೂಟಿನ ವೆಲ್ಕ್ರೋ ಪಟ್ಟಿ ಮೆಲ್ಲಗೆ ಬಿಚ್ಚಿದ ಹಾಗೆ ಸದ್ದು ಮಾಡುತ್ತದೆ. ಆ ಸದ್ದು ಗಂಡಸಿನಲ್ಲೂ ಹೆಂಗಸಿನಲ್ಲೂ ಒಂದೇ. ಕೇಳಿಸಿದರೆ ಮುಂದಿನ ಹೆಜ್ಜೆ ಎದೆಯ ಹೈ ರೆಸಲ್ಯೂಷನ್ ಸಿಟಿ ಸ್ಕ್ಯಾನ್.

ಉಸಿರಿನ ಪರೀಕ್ಷೆಯ ವರದಿ ಓದುವಾಗ ಲೀಟರ್ ಲೆಕ್ಕವನ್ನು ಮನೆಯ ಗಂಡಸರ ಜೊತೆ ಹೋಲಿಸಬೇಡಿ. ಒಂದೇ ಎತ್ತರದವರಾದರೂ ಹೆಂಗಸರ ಶ್ವಾಸಕೋಶ ಸಾಮಾನ್ಯವಾಗಿ ಚಿಕ್ಕದು. ಎತ್ತರ, ವಯಸ್ಸು, ಗಂಡೋ ಹೆಣ್ಣೋ ಅನ್ನುವುದನ್ನು ಸೇರಿಸಿ ಹಾಕಿದ ಶೇಕಡಾ ಲೆಕ್ಕವನ್ನೇ ನೋಡಿ.

ಔಷಧಿ ಇಬ್ಬರಿಗೂ ಒಂದೇ ಥರ ಕೆಲಸ ಮಾಡುತ್ತದಾ?

ಐಪಿಎಫ್‌ಗೆ ಕೊಡುವ ನಿಂಟೆಡಾನಿಬ್, ಪಿರ್ಫೆನಿಡೋನ್ ಎರಡಕ್ಕೂ 2014ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2025ರ ಅಕ್ಟೋಬರ್‌ನಲ್ಲಿ ನೆರಾಂಡೊಮಿಲಾಸ್ಟ್ ಸೇರಿಕೊಂಡಿತು. ಇವು ಬಿದ್ದ ಕಲೆಯನ್ನು ಅಳಿಸುವುದಿಲ್ಲ, ಶ್ವಾಸಕೋಶ ಕುಗ್ಗುವ ವೇಗವನ್ನು ತಗ್ಗಿಸುತ್ತವೆ. ಗಂಡಸು ಹೆಂಗಸು ಇಬ್ಬರಿಗೂ ಕೊಡುತ್ತಾರೆ. ಅಡ್ಡಪರಿಣಾಮದಲ್ಲಿ ವ್ಯತ್ಯಾಸ ಇದೆ. ನಿಂಟೆಡಾನಿಬ್ ತಗೊಳ್ಳುವಾಗ ಯಕೃತ್ತಿನ ಕಿಣ್ವಗಳು ಏರುವ ಅಪಾಯ ಹೆಂಗಸರಲ್ಲಿ ಮತ್ತು 65 ಕಿಲೋಗಿಂತ ತೂಕ ಕಡಿಮೆ ಇರುವವರಲ್ಲಿ ಜಾಸ್ತಿ. ಅದಕ್ಕೇ ರಕ್ತಪರೀಕ್ಷೆ ತಪ್ಪಿಸಬಾರದು. ಆ ಔಷಧಿ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು. ಮಗು ಆಗುವ ವಯಸ್ಸಿನವರು ಡಾಕ್ಟರ್‌ಗೆ ಮೊದಲೇ ಹೇಳಬೇಕು.

ನಾನು ಈ ವಿಷಯದಲ್ಲಿ ಸಂಶೋಧನೆ ಶುರು ಮಾಡುತ್ತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಫ್ರೀಜರಿನಿಂದ. ನಿಮ್ಮ ಲ್ಯಾಬಿನ ದ್ರವ ಸಾರಜನಕದ ಟ್ಯಾಂಕಿನಲ್ಲಿ ಇರುವ ಪ್ರತಿ ಕೋಶದ ಬಾಟಲಿ ತೆಗೆದು, ಅದು ಗಂಡಿನದೋ ಹೆಣ್ಣಿನದೋ, ದಾನಿಯ ವಯಸ್ಸು ಎಷ್ಟು ಅಂತ ಪಟ್ಟಿ ಮಾಡಿ. ಕಾಗದದಲ್ಲಿ ಬರೆದದ್ದನ್ನು ನಂಬಿ ಸುಮ್ಮನಾಗಬೇಡಿ, ಎಕ್ಸಿಸ್ಟ್ ಮತ್ತು ಒಂದು ವೈ ಜೀನ್ ಇಟ್ಟು ಪಿಸಿಆರ್ ಎಂಬ ಜೀನ್ ಪತ್ತೆ ಪರೀಕ್ಷೆ ಮಾಡಿ ನೋಡಿ. ಹಳೆಯ ಕೋಶಸಾಲುಗಳು ಬೆಳೆಯುತ್ತಾ ಬೆಳೆಯುತ್ತಾ ವೈ ಕಳೆದುಕೊಂಡಿರಬಹುದು. ಹಾರ್ಮೋನ್ ಪ್ರಶ್ನೆ ಕೇಳುವಾಗ ಫೀನಾಲ್ ರೆಡ್ ಇಲ್ಲದ ದ್ರವ, ಇದ್ದಿಲಿನಿಂದ ಹಾರ್ಮೋನ್ ತೆಗೆದ ಸೀರಮ್ ಬಳಸಿ. ಇಲಿಗಳಲ್ಲಿ ಗಂಡು ಹೆಣ್ಣು ಎರಡನ್ನೂ ಇಡಿ, ಮುದಿ ಇಲಿಗಳನ್ನೂ ಇಡಿ. 60 ದಾಟಿದವರ ಕಾಯಿಲೆಯನ್ನು ಹರೆಯದ ಇಲಿಯಲ್ಲಿ ಹುಡುಕುವುದು ಸರಿ ಅಲ್ಲ ಅಲ್ವಾ?

ಬಿಡಿಕೋಶಗಳ ದತ್ತಾಂಶ ಓದುವಾಗ ಒಂದು ತಪ್ಪು ಎಲ್ಲರೂ ಮಾಡುತ್ತೇವೆ. ಐದು ಗಂಡಸರಿಂದ 50,000 ಕೋಶ, ಮೂವರು ಹೆಂಗಸರಿಂದ 20,000 ಕೋಶ ಇದ್ದರೆ, ನಿಮ್ಮ ಹತ್ತಿರ ಇರುವುದು 70,000 ಮಾದರಿ ಅಲ್ಲ. ಎಂಟು ಜನ. ಆ ಎಂಟು ಜನರಲ್ಲಿ ಗಂಡಸರೆಲ್ಲ ಸಿಗರೇಟು ಸೇದಿದವರಾಗಿದ್ದರೆ, ಕಾಣುವ ವ್ಯತ್ಯಾಸ ವೈದೋ ಹೊಗೆಯದೋ ಹೇಳಲಾಗುವುದಿಲ್ಲ. ಮಾದರಿ ಸಿಗುವುದು ಹೆಚ್ಚಾಗಿ ಕಸಿ ಮಾಡುವಾಗ ತೆಗೆದ, ಕೊನೆಯ ಹಂತದ ಶ್ವಾಸಕೋಶದಿಂದ ಅನ್ನುವುದನ್ನೂ ಮರೆಯಬೇಡಿ. ಪಟ್ಟಿಯಲ್ಲಿ ಒಂದು ಕಾಲಂ ಅದಕ್ಕೂ ಇರಲಿ: ಈ ತುಂಡು ಯಾರಿಂದ, ಯಾವ ಹಂತದಲ್ಲಿ, ಶ್ವಾಸಕೋಶದ ಯಾವ ಭಾಗದಿಂದ ಬಂತು.